2,400 ರೂಪಾಯಿಯ ಕಪ್ಪು ಗಾಜು

ಮಂಗಳೂರಿನ ಬಿಜೈಯಲ್ಲಿ ನನ್ನ ಸೋದರಮಾವನ ಮನೆಯ ಶೆಡ್ಡಿನಲ್ಲಿ 1968ರ ಫಿಯೆಟ್ 1100 ಡಿ ಉಂಟು. ಕಡು ಕೆಂಪು ಬಣ್ಣ, ಗೇರ್ ಕಡ್ಡಿ ಸ್ಟೇರಿಂಗ್ ಪಕ್ಕದಲ್ಲೇ. ಮಾವ ವಾರಕ್ಕೆ ಎರಡು ಸಲ ಪಾಲಿಶ್ ಉಜ್ಜುತ್ತಾರೆ. ನನಗೆ ಕಷ್ಟ ಆದದ್ದೇ ಆ ಪಾಲಿಶಿನಿಂದ. ಎಲ್ಲಿ ನಿಂತು ಫೋಟೋ ತೆಗೆದರೂ ಬಾನೆಟ್ ಮೇಲೆ ಆಕಾಶ, ತೆಂಗಿನಮರ, ನನ್ನದೇ ಹೊಟ್ಟೆ. ಕಪ್ಪು-ಬಿಳುಪು ಮಾಡಿದರೆ ಕಾರಿನ ಮೇಲೆ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು.

ಹಂಪನಕಟ್ಟೆಯ ಅಂಗಡಿಯೊಂದರಲ್ಲಿ 2,400 ರೂಪಾಯಿ ಕೊಟ್ಟು 58 ಎಂ.ಎಂ.ನ ಸರ್ಕ್ಯುಲರ್ ಪೋಲರೈಸರ್ ತಂದೆ. ಲೆನ್ಸಿನ ಮುಂದೆ ತಿರುಪಿ ಹಾಕುವ, ಹೊಳಪು ತಗ್ಗಿಸುವ ಕಪ್ಪು ಗಾಜಿನ ಫಿಲ್ಟರ್ ಅದು. ಅಂಗಡಿಯ ಹುಡುಗ ಒಳ್ಳೆಯವ. ಹೊರಗೆ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಪರೀಕ್ಷೆ ಮಾಡಲು ಬಿಟ್ಟ.

ಫಿಲ್ಟರಿನ ಉಂಗುರ ತಿರುಗಿಸುತ್ತಾ ಹೋದರೆ ಬಾನೆಟ್ಟಿನ ಬಿಳಿ ಕರಗುತ್ತದೆ, ಗಾಜಿನ ಒಳಗಿನ ಸೀಟು ಕಾಣುತ್ತದೆ. ಆದರೆ ಎಲ್ಲಾ ಕಡೆಯಿಂದಲೂ ಅಲ್ಲ. ಗಾಜಿಗೆ ನೇರ ಎದುರು ನಿಂತರೆ ಎಷ್ಟು ತಿರುಗಿಸಿದರೂ ದಂಡ. ಗಾಜಿನ ಮೇಲ್ಮೈಯಿಂದ ಸುಮಾರು 35 ಡಿಗ್ರಿ ಓರೆಯಲ್ಲಿ ನೋಡಿದಾಗ ಜಾಸ್ತಿ ಕೆಲಸ ಮಾಡುತ್ತದೆ. ಹಾಗಾಗಿ ಕಾರಿಗೆ ಪ್ರದಕ್ಷಿಣೆ ಹಾಕಬೇಕು. ಕ್ರೋಮ್ ಬಂಪರ್ ಮಾತ್ರ ಜಗ್ಗುವುದಿಲ್ಲ, ಲೋಹದ ಹೊಳಪನ್ನು ಪೋಲರೈಸರ್ ಕಳೆಯಲಾರದು. ನನಗೆ ಅದೇ ಲಾಭ ಆಯ್ತು. ಮೈಯೆಲ್ಲಾ ಕತ್ತಲು, ಬಂಪರ್ ಒಂದೇ ಮಿಂಚು.

ಪೂರ್ತಿ ಹೊಳಪು ತೆಗೆಯಬೇಡಿ. ಮೊದಲ ದಿನ ನಾನು ತೆಗೆದೆ, ಕಾರು ರಟ್ಟಿನಲ್ಲಿ ಮಾಡಿದ ಹಾಗೆ ಬಂತು. ಮಡ್‌ಗಾರ್ಡ್ ಮೇಲೆ ಒಂದು ಗೆರೆ ಬೆಳಕು ಉಳಿಸಿ.

ಎಡಿಟಿಂಗ್ ಲೈಟ್‌ರೂಮ್ ಎಂಬ ಸಾಫ್ಟ್‌ವೇರಿನಲ್ಲಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಇಡುವ ಫೈಲ್) ಬೇಕೇ ಬೇಕು, ಕ್ಯಾಮೆರಾದ ಕಪ್ಪು-ಬಿಳುಪು ಜೆಪೆಗ್ ಸಾಲದು, ಯಾಕಂದರೆ ಅದರಲ್ಲಿ ಬಣ್ಣವೇ ಉಳಿದಿರುವುದಿಲ್ಲ. ಮಂಗಳೂರಿನಲ್ಲಿ ಒಂದು ತಾಪತ್ರಯ ಉಂಟು: ಕಾರೂ ಕೆಂಪು, ಮಾಡಿನ ಹಂಚೂ ಕೆಂಪು, ಮುರಕಲ್ಲಿನ ಗೋಡೆಯೂ ಕೆಂಪು. ಕೆಂಪು ಸ್ಲೈಡರ್ (ಕಪ್ಪು-ಬಿಳುಪಿನಲ್ಲಿ ಕೆಂಪು ಜಾಗ ಎಷ್ಟು ಬೆಳ್ಳಗೆ ಕಾಣಬೇಕು ಅಂತ ಹೇಳುವುದು) ಇಳಿಸಿದರೆ ಎಲ್ಲವೂ ಒಟ್ಟಿಗೆ ಕಪ್ಪಾಗುತ್ತವೆ ಅಂತ ಹೆದರಿದ್ದೆ. ಆದರೆ ಹಂಚಿನಲ್ಲಿ, ಕಲ್ಲಿನಲ್ಲಿ ಕಿತ್ತಳೆ ಜಾಸ್ತಿ. ಕೆಂಪನ್ನು ಇಳಿಸಿ, ಕಿತ್ತಳೆಯನ್ನು ಸ್ವಲ್ಪ ಏರಿಸಿದೆ. ಗೋಡೆ ಬೂದು ಬಣ್ಣದಲ್ಲಿ ಹಿಂದೆ ನಿಂತಿತು, ಕಾರು ಅದರ ಮುಂದೆ ಇದ್ದಿಲಿನ ಹಾಗೆ. ಮಾವನಿಗೆ ತೋರಿಸಿದೆ. "ಎಂತ ಮಾರಾಯ, 40 ಸಾವಿರ ಕೊಟ್ಟು ಪೈಂಟ್ ಮಾಡಿಸಿದ್ದು, ಬಣ್ಣ ಎಲ್ಲಿ ಹೋಯ್ತು?" ಅಂದರು.

ಕೊರತೆಗಳೂ ಉಂಟು. ಫಿಲ್ಟರ್ ಒಂದೂವರೆ-ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ಮಳೆಗಾಲದ ಮೋಡದಲ್ಲಿ, ಶೆಡ್ಡಿನೊಳಗೆ ಶಟರ್ 1/100 ಸೆಕೆಂಡಿನಿಂದ 1/30ಕ್ಕೆ ಬಂತು. ಟ್ರೈಪಾಡ್ ಇಲ್ಲದೆ ಸುಮ್ನೆ ಹೋಗಬೇಡಿ.

ಇನ್ನೊಂದು, ಉಂಗುರದ ತಿರುಪು ಒರಟು. ಜುಲೈಯಲ್ಲಿ ಲೆನ್ಸಿಗೇ ಕಚ್ಚಿಕೊಂಡು ಕೂತಿತು. ನಾನು ಅರ್ಧ ಗಂಟೆ ತಿರುಗಿಸಿ ಬೆವರಿದೆ. ಮಾವ ಅಡುಗೆಮನೆಯಿಂದ ಅಗಲದ ರಬ್ಬರ್ ಬ್ಯಾಂಡ್ ತಂದು ಉಂಗುರಕ್ಕೆ ಸುತ್ತಿ, ಒತ್ತದೆ ಮೆಲ್ಲ ತಿರುಗಿಸಿದರು. ಎರಡೇ ನಿಮಿಷ. ಈಗ ಆ ರಬ್ಬರ್ ಬ್ಯಾಂಡ್ ನನ್ನ ಕ್ಯಾಮೆರಾ ಬ್ಯಾಗಿನಲ್ಲೇ ಇರುತ್ತದೆ.