ಫನ್‌ಫೇರ್‌ಗೆ ಹೋಗಿ, ಮೀನು ಮಾತ್ರ ಗೆಲ್ಲಬೇಡಿ

5ಕ್ಕೆ 2 ಸ್ಟಾರ್. ಆ ಎರಡೂ ಡ್ಯಾಶಿಂಗ್ ಕಾರಿಗೆ.

ನಾವಿರುವುದು ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ. ಬೇಸಿಗೆ ಬಂತೆಂದರೆ ಊರಾಚೆಯ ಮೈದಾನಕ್ಕೆ ಈ ಫನ್‌ಫೇರ್ ಬರುತ್ತದೆ. ಮಂಡ್ಯದಿಂದ ಮಾವ ಬಂದಿದ್ದರು, ಮಗನಿಗೂ ರಜೆ. ಇಲ್ಲಿನ ಜಾತ್ರೆ ತೋರಿಸೋಣ ಅಂತ ಕರೆದುಕೊಂಡು ಹೋದೆ. ಪಾರ್ಕಿಂಗಿಗೆ ದುಡ್ಡಿಲ್ಲ. ಡ್ಯಾಶಿಂಗ್ ಕಾರು, ಜೈಂಟ್ ವೀಲ್ ಎರಡೂ ಚೆನ್ನಾಗಿದ್ದವು; ಬೆಲ್ಟ್ ಎಳೆದು ನೋಡಿದ ಮೇಲೇ ಶುರು ಮಾಡುತ್ತಿದ್ದರು. ಬೊಂಬಾಯಿ ಮಿಠಾಯಿಗೆ 4 ಪೌಂಡ್, ಜಾಸ್ತಿಯೇ ಆಯ್ತು.

ತಲೆನೋವು ಶುರುವಾಗಿದ್ದು ಬಾತುಕೋಳಿ ಅಂಗಡಿಯಲ್ಲಿ. ತೊಟ್ಟಿಯಲ್ಲಿ ತೇಲುವ ಪ್ಲಾಸ್ಟಿಕ್ ಬಾತುಕೋಳಿಯನ್ನು ಕೊಕ್ಕೆ ಕೋಲಿನಿಂದ ಎತ್ತಬೇಕು. ಒಂದಾಟಕ್ಕೆ 3 ಪೌಂಡ್. ಸೋಲುವ ಮಾತೇ ಇಲ್ಲ, ಎಲ್ಲರಿಗೂ ಬಹುಮಾನ. ಮಗ ಎತ್ತಿದ. ಅಂಗಡಿಯವನು ಬಿಸಿಲಿಗೆ ಸಾಲಾಗಿ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲಗಳಲ್ಲಿ ಒಂದನ್ನು ಬಿಚ್ಚಿ ಕೊಟ್ಟ. ಒಳಗೆ ಗೋಲ್ಡ್ ಫಿಶ್. ಜೀವಂತ!

ಬದಲಿಗೆ ಕೀಚೈನ್ ಕೊಡಿ ಅಂದೆ. ಆಗಲ್ಲ ಅಂದ. ಏನು ಹಾಕಬೇಕು, ಎಲ್ಲಿ ಇಡಬೇಕು ಅಂತ ಒಂದು ಚೀಟಿಯೂ ಇಲ್ಲ. ಮೀನು ಕೊಡುವ ಮೊದಲು ಅವನು ಕೇಳಿದ್ದು ಒಂದೇ ಪ್ರಶ್ನೆ: ‘ಜೊತೆಗೆ ದೊಡ್ಡವರು ಇದ್ದಾರಾ?’ ಇಂಗ್ಲೆಂಡಿನಲ್ಲಿ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಕೇಳುವುದೂ ಅಷ್ಟೇ. 16 ವರ್ಷದೊಳಗಿನ ಮಕ್ಕಳು ಒಬ್ಬರೇ ಬಂದರೆ ಪ್ರಾಣಿಯನ್ನು ಬಹುಮಾನ ಕೊಡುವಂತಿಲ್ಲ, ದೊಡ್ಡವರಿದ್ದರೆ ಕೊಡಬಹುದು. ಸ್ಕಾಟ್ಲೆಂಡ್ ಅದೇ ವರ್ಷ ಇಂಥ ಬಹುಮಾನವನ್ನೇ ನಿಷೇಧಿಸಿತು. ಇಂಗ್ಲೆಂಡಿನ ಎಷ್ಟೋ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ತಮ್ಮ ಜಾಗದಲ್ಲಿ ಬೇಡ ಅಂದಿವೆ. ಆದರೆ ಈ ಮೈದಾನ ಖಾಸಗಿಯವರದ್ದು.

ಮಾವ ಚೀಲವನ್ನು ಎತ್ತಿ ನೋಡಿದರು. ‘ನಮ್ಮೂರ ಕಬಡ್ಡೀಲಿ ಗೆದ್ರೆ ಟಗರು ಕೊಡ್ತಾರೆ ಕಣವ್ವ. ಗೆದ್ದೋನಿಗೆ ಕಟ್ಟಾಕಕ್ಕೆ ಕೊಟ್ಟಿಗೆ ಇರ್ತದೆ. ಇಲ್ದಿದ್ರೆ ಭಾನುವಾರ ಬಾಡೂಟ. ಇದನ್ನ ಏನ್ ಮಾಡೀಯೆ?’

ಸರಿಯಾದ ಪ್ರಶ್ನೆ ಅಲ್ವಾ? ಸೀದಾ ಪೆಟ್ ಶಾಪಿಗೆ ಹೋದೆವು. ಗಾಜಿನ ಬೋಗುಣಿ ಸಾಲದು ಅಂದರು. ಇದು 20 ಸೆಂಟಿಮೀಟರ್ ದಾಟಿ ಬೆಳೆಯಬಹುದು, ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಹೆಚ್ಚು ಬದುಕಬಹುದು. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಒಂದು ದ್ರಾವಣ ಬೇಕು. ಮೀನು ಬಿಡುವ ಅಮೋನಿಯಾ ಅದಕ್ಕೇ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನೀರು ಪರೀಕ್ಷೆ ಮಾಡುತ್ತಾ, ಸ್ವಲ್ಪ ಸ್ವಲ್ಪ ಬದಲಾಯಿಸುತ್ತಾ ಇರಬೇಕು. ಮೊದಲೇ ತೊಟ್ಟಿ ಸಿದ್ಧ ಮಾಡಿಟ್ಟು ಆಮೇಲೆ ಮೀನು ತರುವುದು ಸರಿಯಾದ ಕ್ರಮ. ಫನ್‌ಫೇರ್‌ನಲ್ಲಿ ಅದು ಉಲ್ಟಾ. ತೊಟ್ಟಿ, ಫಿಲ್ಟರ್, ಟೆಸ್ಟ್ ಕಿಟ್ ಎಲ್ಲಾ ಸೇರಿ 110 ಪೌಂಡ್ ಬಿಲ್ಲು. ನಮಗೆ ಕೊಡಲು ಆಯ್ತು. ಎಲ್ಲರಿಗೂ ಆಗುತ್ತಾ? ನಮ್ಮ ಹಿಂದೆ ಕ್ಯೂನಲ್ಲಿದ್ದ ಹುಡುಗಿ ಕೈಯಲ್ಲಿ ಎರಡು ಚೀಲ ಇದ್ದವು.

ಮೀನು ಸದ್ಯ ಚೆನ್ನಾಗಿದೆ. ಹೆಸರು ಬೆಲ್ಲ. ಮಾವ ಊರಿಗೆ ವಾಪಸ್ ಹೋದರೂ ವಿಡಿಯೋ ಕಾಲ್‌ನಲ್ಲಿ ಮೊಮ್ಮಗನಿಗಿಂತ ಮೊದಲು ಅದನ್ನೇ ಕೇಳುತ್ತಾರೆ.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಸಂಜೆ 5ರ ಒಳಗೆ ಹೋಗಿ, ಕ್ಯೂ ಕಡಿಮೆ. ಕೆಲವು ಅಂಗಡಿಗಳಲ್ಲಿ ಕಾರ್ಡ್ ನಡೆಯಲ್ಲ, ಕೈಯಲ್ಲಿ ಚಿಲ್ಲರೆ ಇರಲಿ. ಬಾತುಕೋಳಿ ಅಂಗಡಿ ಜೈಂಟ್ ವೀಲ್‌ನ ಎಡಕ್ಕಿದೆ. ನೀವು ಬಲಕ್ಕೆ ತಿರುಗಿ.