ಮೈಸೂರಿನ ಮಹಿಳಾ ಇತಿಹಾಸದ ನಡಿಗೆ: ಖಂಡಿತ ಹೋಗಿ

ಗೈಡ್ ಮೇಡಂ ಅರಮನೆಯ ಎದುರು ನಿಂತು ರಾಜರನ್ನು ಬಿಟ್ಟು ಮಹಾರಾಣಿ ಕೆಂಪನಂಜಮ್ಮಣ್ಣಿಯವರಿಂದ ಶುರು ಮಾಡಿದರು. ಅಲ್ಲೇ ನನಗೆ ಈ ನಡಿಗೆ ಇಷ್ಟವಾಯಿತು. 1894ರ ಕೊನೆಯಲ್ಲಿ ಗಂಡ ತೀರಿಕೊಂಡಾಗ ಮಗನಿಗೆ ಬರೀ 10 ವರ್ಷ. 1902ರವರೆಗೆ ರಾಜ್ಯ ನಡೆಸಿದ್ದು ಈ ತಾಯಿ. 1897ರಲ್ಲಿ ಮರದ ಅರಮನೆ ಸುಟ್ಟುಹೋದಾಗ ಹೊಸದನ್ನು ಕಟ್ಟಿಸಲು ಹೊರಟವರೂ ಅವರೇ. ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹರಿದದ್ದೂ ಅವರ ಕಾಲದಲ್ಲೇ. ಇಷ್ಟೆಲ್ಲ ಮಾಡಿದವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು ಅಲ್ವಾ?

1881ರಲ್ಲಿ ಶಾಲೆಯಾಗಿ ಹುಟ್ಟಿದ ಮಹಾರಾಣಿ ಕಾಲೇಜಿನ ಕಥೆಯನ್ನು ಮಾತ್ರ ಅವಸರದಲ್ಲಿ ಮುಗಿಸಿದರು. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸರ ಬಗ್ಗೆಯೂ ಇನ್ನಷ್ಟು ಹೇಳಬೇಕಿತ್ತು. ರಾಣಿಯರಷ್ಟೇ ಊರು ಕಟ್ಟಿದ್ದಲ್ಲ.

ಬಿಸಿಲು ಏರುವ ಮೊದಲಿನ ಬ್ಯಾಚ್ ತಗೊಳ್ಳಿ. ನಡೆಯೋದು ಜಾಸ್ತಿ ಇದೆ. ಗಂಡುಮಕ್ಕಳನ್ನೂ ಕರೆದುಕೊಂಡು ಹೋಗಿ.