ಗ್ಲಾಕ್ 19 ಜೆನ್ 5: ಜೆನ್ 3 ಬಳಸಿದ ಎಡಚನೊಬ್ಬನ ವಿಮರ್ಶೆ

ಗ್ಲಾಕ್ 19 ಪಿಸ್ತೂಲಿನ ಐದನೆಯ ತಲೆಮಾರಿನ (ಜೆನ್ 5) ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಬಲಗೈಯವರು. ಹೊಸ ನಳಿಗೆ, ಹೊಸ ಲೇಪ, ಹಿಡಿಯಲ್ಲಿ ಮಾಯವಾದ ಬೆರಳಿನ ಅಚ್ಚು (ಬೆರಳು ಕೂರಲೆಂದು ಮಾಡಿದ ತಗ್ಗುಗಳು) ಇವನ್ನೆಲ್ಲ ವಿವರವಾಗಿ ಹೊಗಳಿ, ಬಲಬದಿಗೂ ಬಂದಿರುವ ಸ್ಲೈಡ್ ಸ್ಟಾಪ್ ಲಿವರನ್ನು (ಪಿಸ್ತೂಲಿನ ಜಾರುವ ಮೇಲ್ಭಾಗವಾದ ಸ್ಲೈಡನ್ನು ಹಿಂದೆಯೇ ತಡೆದು ನಿಲ್ಲಿಸುವ ಸಣ್ಣ ತಗಡು) ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನು ದುಡ್ಡು ಕೊಟ್ಟದ್ದು ಆ ಲಿವರಿಗೆ. ಉಳಿದದ್ದೆಲ್ಲ ಅದರ ಜೊತೆಗೆ ಬಂದದ್ದು.

ನಾನು ಎಡಚ. ಕೊಡಗಿನವನಾದ್ದರಿಂದ ಕೋವಿ ನನಗೆ ಹೊಸದಲ್ಲ. ಆಯುಧಗಳನ್ನು ಪೂಜಿಸುವ ನಮ್ಮ ಹಬ್ಬ ಕೈಲ್ ಪೊಳ್ದಿನಲ್ಲಿ ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ ನೋಡುತ್ತಲೇ ಬೆಳೆದವನು. ಜೋಡುನಳಿಗೆಯನ್ನು ಎಡಹೆಗಲಿಗೆ ಏರಿಸಿದರೆ ಮನೆಯ ಹಿರಿಯರು ಸುಮ್ಮನಿರುತ್ತಿರಲಿಲ್ಲ, ಹಾಗಾಗಿ ಅದನ್ನು ಬಲಕ್ಕೇ ಕಲಿತೆ. ಪಿಸ್ತೂಲು ಕೈಗೆ ಬಂದದ್ದು ಅಮೆರಿಕದಲ್ಲಿ, ಅದೂ ಗ್ರೀನ್ ಕಾರ್ಡ್ ಸಿಕ್ಕ ಮೇಲೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಪಡೆದವರಿಗೆ ಮತ್ತು ಇನ್ನು ಕೆಲವರಿಗೆ ಮಾತ್ರ ವಿನಾಯಿತಿಯಿದೆ. ಇದನ್ನು ತಿಳಿಯದೆ ಅಂಗಡಿಗೆ ಹೋಗಲು ಹೊರಟ ಗೆಳೆಯರನ್ನು ನಾನು ತಡೆದಿದ್ದೇನೆ.

ಆಗ ನಾನು ಕ್ಯಾಲಿಫೋರ್ನಿಯಾದಲ್ಲಿದ್ದೆ. ಆ ರಾಜ್ಯವು ಮಾರಾಟಕ್ಕೆ ಒಪ್ಪಿಗೆ ಕೊಟ್ಟ ಪಿಸ್ತೂಲುಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಮೂರನೆಯ ತಲೆಮಾರಿನ ಗ್ಲಾಕ್ ಹಳೆಯ ನಿಯಮಗಳ ಕಾಲದಲ್ಲೇ ಆ ಪಟ್ಟಿಯೊಳಗೆ ಸೇರಿಕೊಂಡಿತ್ತು. ಆಮೇಲೆ ನಿಯಮಗಳು ಬಿಗಿಯಾದವು; 2010ರ ಜೆನ್ 4 ಆಗಲಿ, 2017ರ ಜೆನ್ 5 ಆಗಲಿ ಒಳಗೆ ಬರಲಿಲ್ಲ. ಪೊಲೀಸರಿಗೆ ಪಟ್ಟಿ ಅನ್ವಯಿಸದು, ಆದ್ದರಿಂದ ಅವರ ಸೊಂಟದಲ್ಲಿ ಹೊಸದು ಇರಬಹುದು. ನಮ್ಮಂಥವರಿಗೆ ಅಂಗಡಿಯಲ್ಲಿ ಸಿಗುತ್ತಿದ್ದದ್ದು ಜೆನ್ 3, ಹತ್ತು ಗುಂಡಿನ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ), ಜೊತೆಗೆ ಹತ್ತು ದಿನದ ಕಾಯುವಿಕೆ. ಸುರಕ್ಷತೆಯ ಹೆಸರಿನಲ್ಲಿ ಹಳೆಯ ವಿನ್ಯಾಸವನ್ನೇ ಮಾರಿಸುತ್ತಿದ್ದ ಆ ತರ್ಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಜೆನ್ 3 ಒಳ್ಳೆಯ ಪಿಸ್ತೂಲು. ಆದರೆ ಅದನ್ನು ಮಾಡಿದವರ ಕಣ್ಣಲ್ಲಿ ಲೋಕದಲ್ಲಿ ಎಡಗೈ ಎಂಬುದೇ ಇರಲಿಲ್ಲ. ಮ್ಯಾಗಜಿನ್ ಬಿಡಿಸುವ ಗುಂಡಿ ಎಡಬದಿಗೆ, ಸ್ಲೈಡ್ ತಡೆಯುವ ಲಿವರ್ ಎಡಬದಿಗೆ. ಬಲಗೈಯವರ ಹೆಬ್ಬೆರಳಿಗೆ ಎರಡೂ ಸಿಗುತ್ತವೆ. ನನ್ನ ಹೆಬ್ಬೆರಳು ಆಚೆ ಬದಿಯಲ್ಲಿ ನಿರುದ್ಯೋಗಿ. ಗುಂಡಿಗೆ ತೋರುಬೆರಳು ಒಗ್ಗಿಕೊಂಡಿತು, ಅದು ಕಷ್ಟವಲ್ಲ. ಕಿರಿಕಿರಿಯಾಗುತ್ತಿದ್ದದ್ದು ಗುರಿ ಅಭ್ಯಾಸದ ರೇಂಜಿನಲ್ಲಿ 'ಎಲ್ಲರೂ ಖಾಲಿ ಮಾಡಿ, ಸ್ಲೈಡ್ ತೆರೆದಿಡಿ' ಎಂದು ಕೂಗಿದಾಗ. ಬಲಗೈಯಿಂದ ಸ್ಲೈಡನ್ನು ಹಿಂದಕ್ಕೆಳೆದು ಹಿಡಿದು, ಎಡ ತೋರುಬೆರಳಿನ ತುದಿಯಿಂದ ಆ ತೆಳು ತಗಡನ್ನು ಮೇಲಕ್ಕೆ ಎತ್ತಬೇಕು. ಅಕ್ಕಪಕ್ಕದವರು ಮೇಜಿನ ಮೇಲೆ ಪಿಸ್ತೂಲಿಟ್ಟು ಹಿಂದೆ ಸರಿದಿರುತ್ತಿದ್ದರು, ನಾನು ಇನ್ನೂ ಬೆರಳು ತಿರುಚಿಕೊಂಡು ನಿಂತಿರುತ್ತಿದ್ದೆ.

ಟೆಕ್ಸಸ್‌ಗೆ ಬಂದ ಮೇಲೆ ಜೆನ್ 5 ಕೊಂಡೆ. ನಡುವಿನ ಜೆನ್ 4 ಎಡಚರಿಗೆ ಅರ್ಧ ನ್ಯಾಯ ಒದಗಿಸಿತ್ತು: ಮ್ಯಾಗಜಿನ್ ಗುಂಡಿಯನ್ನು ಬಿಚ್ಚಿ ಬಲಬದಿಗೆ ಹಾಕಿಕೊಳ್ಳಬಹುದು, ಲಿವರ್ ಮಾತ್ರ ಎಡದಲ್ಲೇ ಉಳಿದಿತ್ತು. ಜೆನ್ 5ರಲ್ಲಿ ಲಿವರ್ ಎರಡೂ ಬದಿಗೆ ಬಂದಿದೆ. ಮೊದಲ ಬಾರಿ ಹೆಬ್ಬೆರಳಿನಿಂದಲೇ ಸ್ಲೈಡ್ ತೆರೆದು ನಿಲ್ಲಿಸಿದಾಗ, ಹೇಳಲು ನಾಚಿಕೆಯಿಲ್ಲ, ಸುಮ್ಮಸುಮ್ಮನೆ ಮತ್ತೆ ಮತ್ತೆ ಮಾಡಿದೆ. ಕೆಲವು ವಾರ ಮನೆಯಲ್ಲಿ ಖಾಲಿ ಪಿಸ್ತೂಲಿನೊಂದಿಗೆ ಸಂಜೆಯ ಹೊತ್ತು ಇದೇ ಆಟ. ಹೆಂಡತಿ ಒಳಗಿನಿಂದ "ಆ ಟಕಟಕ ಸಾಕು ಮಾರಾಯ್ರೇ" ಎನ್ನುವವರೆಗೆ.

ಈ ಸಂಭ್ರಮ ಇಳಿದದ್ದು ರೇಂಜಿನಲ್ಲಿ. ನಾನು ಎರಡೂ ಹೆಬ್ಬೆರಳುಗಳನ್ನು ಮುಂದಕ್ಕೆ ಚಾಚಿ ಹಿಡಿಯುವವನು. ಜೆನ್ 3ರಲ್ಲಿ ಬಲಬದಿಯಲ್ಲಿ ಏನೂ ಇರಲಿಲ್ಲವಾದ್ದರಿಂದ ಎಡ ಹೆಬ್ಬೆರಳು ಅಲ್ಲಿ ಹಾಯಾಗಿ ಒರಗಿಕೊಳ್ಳುತ್ತಿತ್ತು. ಈಗ ಅದೇ ಜಾಗದಲ್ಲಿ ಲಿವರ್ ಇದೆ. ಹೆಬ್ಬೆರಳಿನ ಭಾರ ಅದರ ಮೇಲೆ ಬಿದ್ದರೆ, ಕೊನೆಯ ಗುಂಡು ಹಾರಿದ ಮೇಲೆ ಮ್ಯಾಗಜಿನ್ನು ಅದನ್ನು ಮೇಲಕ್ಕೆ ತಳ್ಳಲಾರದು. ಸ್ಲೈಡ್ ತೆರೆದು ನಿಲ್ಲುವ ಬದಲು ಖಾಲಿ ಚೇಂಬರಿನ (ನಳಿಗೆಯಲ್ಲಿ ಗುಂಡು ಕೂರುವ ಜಾಗದ) ಮೇಲೆ ಮುಚ್ಚಿಕೊಳ್ಳುತ್ತದೆ. ಇನ್ನೂ ಗುಂಡಿದೆ ಎಂದುಕೊಂಡು ಟ್ರಿಗರ್ ಎಳೆದರೆ ಟಿಕ್ ಎನ್ನುತ್ತದೆ. ಬಲಗೈಯವರಿಗೆ ಇದು ಹಳೆಯ ಕಾಟ, ಅವರ ಬದಿಯಲ್ಲಿ ಲಿವರ್ ಮೊದಲಿನಿಂದಲೂ ಇದೆಯಲ್ಲ. ಎಡಚನಾಗಿದ್ದುದರ ಒಂದೇ ಒಂದು ಲಾಭ ನನಗಿತ್ತು, ಅದನ್ನು ಬೇಡಿ ಬೇಡಿ ಕಳೆದುಕೊಂಡಂತಾಯಿತು. ಈಗ ಹೆಬ್ಬೆರಳನ್ನು ತುಸು ಹೊರಗೆ, ಇನ್ನೊಂದು ಕೈಯ ಗೆಣ್ಣಿನ ಮೇಲೆ ಇಡುತ್ತೇನೆ. ಆತುರದಲ್ಲಿ ಹೊಡೆಯುವಾಗ ಅದು ಇನ್ನೂ ಹಳೆಯ ಜಾಗಕ್ಕೇ ಹೋಗುತ್ತದೆ.

ಬೆರಳಿನ ಅಚ್ಚಿನ ಮಾತು ಬೇಗ ಮುಗಿಸುತ್ತೇನೆ. ಮೊದಲೆರಡು ತಲೆಮಾರಿನಲ್ಲಿ ಅದು ಇರಲಿಲ್ಲ, 1990ರ ದಶಕದ ಕೊನೆಯಲ್ಲಿ ಬಂತು, 2017ರಲ್ಲಿ ಹೋಯಿತು. ನನ್ನ ಅಂಗೈ ಚಿಕ್ಕದು. ಜೆನ್ 3ರ ಉಬ್ಬುಗಳು ಬೆರಳುಗಳ ನಡುವೆ ಕೂರದೆ ಬೆರಳುಗಳ ಅಡಿಗೇ ಬರುತ್ತಿದ್ದವು. ಹೋದದ್ದು ಒಳ್ಳೆಯದಾಯಿತು. ಗುರಿಯ ವಿಷಯದಲ್ಲಿ, ಹೊಸ ನಳಿಗೆ ಹೆಚ್ಚು ನಿಖರ ಎಂದು ತಯಾರಕರು ಹೇಳುತ್ತಾರೆ. ಇಪ್ಪತ್ತೈದು ಗಜದಲ್ಲಿ ನನ್ನ ಕೈಯ ನಡುಕವೇ ಆ ವ್ಯತ್ಯಾಸವನ್ನು ನುಂಗುತ್ತದೆ.

ಬದಲಾಗದೆ ಉಳಿದು ನನಗೆ ಖುಷಿ ಕೊಡುವುದು ಭಾನುವಾರದ ಸ್ವಚ್ಛತೆ. ಮ್ಯಾಗಜಿನ್ ತೆಗೆಯುವುದು, ಸ್ಲೈಡ್ ಎಳೆದು ಚೇಂಬರಿನೊಳಗೆ ಕಣ್ಣು ಹಾಯಿಸುವುದು, ಆಮೇಲೆ ಕಿರುಬೆರಳನ್ನೇ ಒಳಗಿಟ್ಟು ಮುಟ್ಟಿ ನೋಡುವುದು. ಗ್ಲಾಕ್ ಬಿಚ್ಚಬೇಕಾದರೆ ಟ್ರಿಗರ್ ಎಳೆಯಲೇಬೇಕು. ಚೇಂಬರ್ ಸರಿಯಾಗಿ ನೋಡದೆ ಎಳೆದು ಮನೆಯ ಗೋಡೆಗೆ ತೂತು ಮಾಡಿದವರಿದ್ದಾರೆ. ತೋಟಾಗಳು ಆ ಕೋಣೆಯಲ್ಲೇ ಇರಬಾರದು ಎಂಬುದು ನಮ್ಮ ಮನೆಯ ನಿಯಮ. ಬಿಚ್ಚಿದ ಮೇಲೆ ನಳಿಗೆ, ಸ್ಪ್ರಿಂಗ್, ಸ್ಲೈಡ್, ಚೌಕಟ್ಟು ನಾಲ್ಕನ್ನೂ ಹಳೆಯ ಟವೆಲಿನ ಮೇಲೆ ಸಾಲಾಗಿ ಇಡುತ್ತೇನೆ. ಬ್ರಷ್ಷು, ಬಟ್ಟೆಯ ತುಂಡು, ಸ್ಲೈಡ್ ಓಡುವ ಜಾಗಗಳಿಗೆ ಒಂದೊಂದು ಹನಿ ಎಣ್ಣೆ. ಮನೆಯ ಕೋವಿಗೆ ಎಣ್ಣೆ ಸುರಿಯುವುದನ್ನು ನೋಡಿ ಬೆಳೆದವನಿಗೆ ಈ ಜಿಪುಣತನ ಕಲಿಯಲು ಸಮಯ ಬೇಕಾಯಿತು. ಎರಡೂ ಪಿಸ್ತೂಲು ಮುಗಿಯುವಷ್ಟರಲ್ಲಿ ಪಕ್ಕದಲ್ಲಿಟ್ಟ ಕಾಫಿ ಆರಿರುತ್ತದೆ.

ಈ ಹೊತ್ತಿನಲ್ಲೇ ಎರಡರ ನಡುವಿನ ವ್ಯತ್ಯಾಸವೂ ಕೈಗೆ ತಿಳಿಯುತ್ತದೆ. ಜೆನ್ 3ಕ್ಕೆ ಒಂಟಿ ಸ್ಪ್ರಿಂಗ್, ಜೆನ್ 5ಕ್ಕೆ ಒಂದರೊಳಗೊಂದು ಕೂತ ಜೋಡಿ ಸ್ಪ್ರಿಂಗ್. ಹೆಂಡತಿಗೆ ಸ್ಲೈಡ್ ಎಳೆಯಲು ಹಳೆಯದೇ ಹಗುರವಂತೆ, ಅವಳು ಬಲಗೈಯವಳು ಬೇರೆ. ಹಾಗಾಗಿ ಜೆನ್ 3 ಈಗ ಅವಳದು, ಮಾರುವ ಮಾತಿಲ್ಲ.

ಬಲಗೈಯವರಿಗೆ ನನ್ನ ಸಲಹೆ: ಕೈಯಲ್ಲಿ ಜೆನ್ 3 ಇದ್ದು ಬೆರಳಿನ ಅಚ್ಚು ಕಾಡದಿದ್ದರೆ, ಆ ಐದಾರು ನೂರು ಡಾಲರನ್ನು ತೋಟಾಗಳಿಗೆ ಖರ್ಚು ಮಾಡಿ. ಎಡಚರು ಜೆನ್ 5 ಕೊಳ್ಳಿ, ಆದರೆ ಬಾಡಿಗೆಗೆ ಕೊಡುವ ರೇಂಜಿನಲ್ಲಿ ಮೊದಲು ಹೊಡೆದು, ಕೊನೆಯ ಗುಂಡಿನ ಮೇಲೆ ಸ್ಲೈಡ್ ತೆರೆದು ನಿಲ್ಲುತ್ತದೆಯೇ ನೋಡಿಕೊಳ್ಳಿ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮ್ಯಾಗಜಿನ್ ಗುಂಡಿಯನ್ನು ಬಲಬದಿಗೆ ಬದಲಿಸಿಕೊಂಡರೆ, ಒಂದೇ ಬದಿಗೆ ಕಚ್ಚು ಇರುವ ಹಳೆಯ ಮ್ಯಾಗಜಿನ್‌ಗಳು ಅದರಲ್ಲಿ ನಿಲ್ಲುವುದಿಲ್ಲ. ನಾನು ಬದಲಿಸಿಲ್ಲ, ತೋರುಬೆರಳಿಗೆ ಆ ಕೆಲಸ ಚೆನ್ನಾಗಿಯೇ ಬರುತ್ತದೆ, ಕ್ಯಾಲಿಫೋರ್ನಿಯಾದ ಹತ್ತು ಗುಂಡಿನ ಮ್ಯಾಗಜಿನ್‌ಗಳೂ ವ್ಯರ್ಥವಾಗಲಿಲ್ಲ.